ಪಕ್ಷಿನೋಟದ ಲೇಖಕನೂ ಅತ್ತೆಯ ಹಿತ್ತಿಲೂ

ನನ್ನ ಪುಸ್ತಕವನ್ನು ನನ್ನ ಹೆಂಡತಿ ಎಟೆಲ್ಕಾ ಓದಿದ್ದು ಉರಿಯುವ ಒಲೆಯ ಮುಂದೆ ಕೂತು. ಚಳಿಗಾಗಿ ಅಲ್ಲಿ ಕೂತಳೋ, ಓದಿ ಮುಗಿದ ಹಾಳೆಗಳ ವಿಲೇವಾರಿಗೆ ಅನುಕೂಲವಾಗಲೆಂದು ಕೂತಳೋ, ನಾನು ಕೇಳಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಬೇರೇನೂ ಬರದಿದ್ದರೂ ಯಾವ ಪ್ರಶ್ನೆ ಕೇಳಬಾರದು ಎಂಬ ಜ್ಞಾನ ಬಂದಿರುತ್ತದೆ.

ಪುಸ್ತಕವೇನೂ ಸಾಮಾನ್ಯದ್ದಲ್ಲ. 'ಪಶುಸಂಗೋಪನೆ ಮತ್ತು ಕುಕ್ಕುಟೋದ್ಯಮ: ಒಂದು ಪಕ್ಷಿನೋಟ.' ನೂರನಲವತ್ತು ಪುಟ. ಹಂಗೆರಿಯ ಬಯಲುಸೀಮೆಯಲ್ಲಿ ಮೇಯುವ, ಮೆಲುಕು ಹಾಕುವ, ಕೂಗುವ, ಕುಕ್ಕುವ ಸಕಲ ಜೀವರಾಶಿಯೂ ಅದರಲ್ಲಿ ಕೋಷ್ಟಕಗಳಾಗಿ ವಿರಾಜಿಸುತ್ತಿದೆ. ಹಸು ದಿನಕ್ಕೆಷ್ಟು ಹಾಲು ಕೊಡಬೇಕು, ಹಂದಿ ತಿಂಗಳಿಗೆಷ್ಟು ತೂಕ ಹೆಚ್ಚಬೇಕು, ಮಾಂಸದ ಕೋಳಿ ಎಷ್ಟನೆಯ ದಿನ ಇಹಲೋಕ ತ್ಯಜಿಸಬೇಕು, ಎಲ್ಲಕ್ಕೂ ಅಂಕಿ ಇದೆ. ಬರೆದವನು ನಾನು, ಕೆಮೆನೆಶ್ ಓಡೊನ್, ಜಿಲ್ಲಾ ಪಶುಪಾಲಕರ ಸಂಘದ ಪ್ರಕಟಣಾ ವಿಭಾಗದ ಮುಖ್ಯಸ್ಥ. (ವಿಭಾಗದಲ್ಲಿ ನಾನೊಬ್ಬನೇ ಇರುವುದರಿಂದ ಮುಖ್ಯಸ್ಥನ ಪಟ್ಟಕ್ಕೆ ಪೈಪೋಟಿ ಇಲ್ಲ.)

ಏಳನೆಯ ಅಧ್ಯಾಯಕ್ಕೆ ಬಂದಾಗ ಎಟೆಲ್ಕಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಗಟ್ಟಿಯಾಗಿ ಓದಿದಳು: "ಹಿತ್ತಿಲ ಕೋಳಿ ಸಾಕಣೆಯು ಅವೈಜ್ಞಾನಿಕವೂ ಭಾವುಕವೂ ಆದ ಅಭ್ಯಾಸವಾಗಿದ್ದು, ವೃದ್ಧ ಮಹಿಳೆಯರ ಕಾಲಾನಂತರ ತಾನಾಗಿಯೇ ನಶಿಸತಕ್ಕದ್ದು."

ಈ ವಾಕ್ಯ ಬರೆಯುವಾಗ ನನ್ನ ಕಣ್ಣ ಮುಂದೆ ಯಾವ ವೃದ್ಧ ಮಹಿಳೆಯೂ ಇರಲಿಲ್ಲ. ಆಣೆ ಮಾಡಿ ಹೇಳಬಲ್ಲೆ. ಆದರೆ ಎಟೆಲ್ಕಾಳ ಕಣ್ಣ ಮುಂದೆ ಇದ್ದರು. ಕಿಟಕಿಯಿಂದ ನೋಡಿದರೆ ಯಾರ ಕಣ್ಣ ಮುಂದೆಯೂ ಇರುತ್ತಿದ್ದರು. ನನ್ನ ಅತ್ತೆ ಬೊರ್ಬಾಲಾ, ವಯಸ್ಸು ಎಪ್ಪತ್ತೊಂಬತ್ತು, ನಮ್ಮದೇ ಹಿತ್ತಿಲಲ್ಲಿ ಬಕೆಟ್ ಹಿಡಿದು ನಿಂತಿದ್ದರು. ಅವರ ಸುತ್ತ ಹದಿನಾಲ್ಕು ಕೋಳಿ, ಒಂದು ಹುಂಜ, ಕುರಿಯ ಹಾಗೆ ಗುಂಗುರು ಕೂದಲಿರುವ ಒಂದು ಹಂದಿ, ಮತ್ತು ಒಂದು ಗಂಡು ಹೆಬ್ಬಾತು. ಹೆಬ್ಬಾತಿನ ಬಗ್ಗೆ ಆಮೇಲೆ ಹೇಳುತ್ತೇನೆ. ನೆನೆದರೆ ಈಗಲೂ ಬೆನ್ನಿನ ಕೆಳಭಾಗ ಚುರುಗುಟ್ಟುತ್ತದೆ.

"ಅಮ್ಮ ಸತ್ತ ಮೇಲೆ ಕೋಳಿಗಳೂ ಹೋಗ್ತವೆ ಅಂತ ಬರ್ದಿದೀರಲ್ರೀ!"

"ಅಮ್ಮ ಅಂತ ಎಲ್ಲಿ ಬರ್ದಿದೀನಿ? ವೃದ್ಧ ಮಹಿಳೆಯರು ಅಂತ ಬಹುವಚನದಲ್ಲಿ ಬರ್ದಿದೀನಿ."

"ಓಹೋ, ಊರಲ್ಲಿರೋ ಎಲ್ಲರ ಅಮ್ಮಂದಿರನ್ನೂ ಒಟ್ಟಿಗೇ ಕಳಿಸಿಬಿಟ್ರಿ."

"ಇದು ಶಾಸ್ತ್ರ, ಎಟೆಲ್ಕಾ. ಅಂಕಿ ಅಂಶ."

"ಭಾನುವಾರ ಅಮ್ಮನ ಕೋಳಿ ಸಾರನ್ನ ಮೂರನೇ ಸಲ ಹಾಕಿಸ್ಕೊಳ್ತೀರಲ್ಲ, ಅದು ಅಂಕಿಯೋ, ಅಂಶವೋ?"

ಉತ್ತರ ನನ್ನಲ್ಲಿತ್ತು. ಆದರೆ ಅಷ್ಟರಲ್ಲಿ ಅವಳು ಪುಸ್ತಕ ಹಿಡಿದು ಹಿತ್ತಿಲಿಗೆ ಹೋಗಿಯಾಗಿತ್ತು.

ಅತ್ತೆ ಜಗಳ ಆಡಲಿಲ್ಲ. ಜಗಳ ಆಡುವವರ ಜೊತೆ ಬದುಕಬಹುದು. ಅವರು ಭೂತಗನ್ನಡಿ ಹಿಡಿದು ಏಳನೆಯ ಅಧ್ಯಾಯವನ್ನು ಎರಡು ಸಲ ಓದಿದರಂತೆ, "ಅಕ್ಷರ ದುಂಡಗಿದೆ" ಎಂದರಂತೆ, ಅಷ್ಟೆ. ಭಾನುವಾರ ಊಟಕ್ಕೆ ಕೂತಾಗ ಮೇಜಿನ ಮೇಲೆ ಎರಡು ಪಾತ್ರೆ. ದೊಡ್ಡದರಲ್ಲಿ ಎಂದಿನ ಸಾರು: ಚಿನ್ನದ ಬಣ್ಣ, ಮೇಲೆ ತೇಲುವ ಜಿಡ್ಡಿನ ಕಣ್ಣುಗಳು, ಕೈಯಲ್ಲಿ ಎಳೆದ ಶ್ಯಾವಿಗೆ. ಚಿಕ್ಕದರಲ್ಲಿ, ಹೇಗೆ ಹೇಳಲಿ, ಕೋಳಿ ಸ್ನಾನ ಮಾಡಿ ಎದ್ದು ಹೋದ ನೀರು.

"ಅಳಿಯಂದ್ರಿಗೆ ಅವೈಜ್ಞಾನಿಕ ಸಾರು ಯಾಕೆ, ಹೊಟ್ಟೆ ಕೆಟ್ಟೀತು," ಎಂದು ಅತ್ತೆ ಚಿಕ್ಕ ಪಾತ್ರೆಯನ್ನು ನನ್ನತ್ತ ಸರಿಸಿದರು. "ನಿಮಗೆ ಅಂತಾನೇ ಪೇಟೆಯಿಂದ ಫಾರಂ ಕೋಳಿ ತರ್ಸಿದೀನಿ. ನಲವತ್ತೆರಡು ದಿನದ್ದು. ನಿಮ್ಮ ಪುಸ್ತಕದಲ್ಲಿರೋದೇ."

ನಾನು ಶಾಸ್ತ್ರಕ್ಕಾಗಿ ಆ ಸಾರು ಕುಡಿದೆ. ಎದುರಿಗೆ ಎಟೆಲ್ಕಾ ಶ್ಯಾವಿಗೆಯನ್ನು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿ ಹೀರುತ್ತಿದ್ದಳು. ಹೀಗೆ ನಾಲ್ಕು ಭಾನುವಾರ ಕಳೆದವು. ಲೋಕದಲ್ಲಿ ಸತ್ಯ ಹೇಳಿದವರಿಗೆ ವಿಷ ಕುಡಿಸಿದ್ದಾರೆಂದು ಓದಿದ್ದೆ. ಅದಕ್ಕೆ ರುಚಿಯಾದರೂ ಇದ್ದಿರಬಹುದು.

ಐದನೆಯ ವಾರ ಸಂಘದ ಅಧ್ಯಕ್ಷರಾದ ಸಿಲಾರ್ಡ್ ಅವರು ನನ್ನನ್ನು ಕೋಣೆಗೆ ಕರೆಸಿದರು. ಸಿಲಾರ್ಡ್ ಅವರಿಗೆ ಎಂಟು ಲಕ್ಷ ಕೋಳಿಗಳಿವೆ. ಅದರಲ್ಲಿ ಒಂದನ್ನೂ ಅವರು ಮುಖತಃ ಕಂಡವರಲ್ಲ. ಮೇಜಿನ ಮೇಲಿರುವ ಪರದೆಯಲ್ಲಿ ಶೆಡ್ಡುಗಳ ಉಷ್ಣಾಂಶ ನೋಡುತ್ತಾರೆ, ಹಸಿರು ಬಣ್ಣ ಇದ್ದರೆ ಕೋಳಿಗಳು ಸುಖವಾಗಿವೆ ಎಂದು ತಿಳಿಯುತ್ತಾರೆ. ಅಂಥವರಿಗೆ ನನ್ನ ಪುಸ್ತಕ ಹಿಡಿಸದೆ ಇರುತ್ತದೆಯೆ?

"ಕೆಮೆನೆಶ್ ಅವ್ರೇ, ಅದ್ಭುತ! ಜಿಲ್ಲಾ ಟೀವಿಯವರು ಬರ್ತಾರಂತೆ. 'ಲೇಖಕ ತನ್ನ ಪ್ರಾಣಿಗಳ ನಡುವೆ' ಅಂತ ಕಾರ್ಯಕ್ರಮ. ನಿಮ್ಮ ಮಾದರಿ ಘಟಕದಲ್ಲೇ ಪುಸ್ತಕ ಬಿಡುಗಡೆ ಮಾಡೋಣ."

"ನನ್ನ... ಮಾದರಿ ಘಟಕ?"

"ಮುನ್ನುಡಿಯಲ್ಲಿ ಬರ್ದಿದೀರಲ್ಲ. 'ಲೇಖಕರು ತಮ್ಮ ಸ್ವಂತ ಮಾದರಿ ಘಟಕದಲ್ಲಿ ದೀರ್ಘಕಾಲ ಗಳಿಸಿದ ಅನುಭವದ ಆಧಾರದ ಮೇಲೆ' ಅಂತ."

ಬರೆದಿದ್ದೆ. ಎಲ್ಲ ಪುಸ್ತಕಗಳ ಮುನ್ನುಡಿಯಲ್ಲೂ ಹಾಗೇ ಇರುತ್ತದೆ. ಓದುಗರು ಮುನ್ನುಡಿಯನ್ನು ದಾಟಿ ಹೋಗುತ್ತಾರೆಂಬ ನಂಬಿಕೆಯ ಮೇಲೆಯೇ ಲೇಖಕರು ಅದನ್ನು ಬರೆಯುವುದು. ನಾನು ಮೊಟ್ಟೆಯನ್ನು ಹತ್ತಿರದಿಂದ ನೋಡಿರುವುದೇ ಬಾಣಲೆಯಲ್ಲಿ.

ಟೀವಿಯವರು ಬರಲು ಹದಿನೈದು ದಿನವಿತ್ತು. ಯಾವುದಾದರೂ ಹ್ಯಾಚರಿಯಿಂದ ಕೋಳಿ ತರೋಣವೆಂದರೆ ಅವರು ಐದು ಸಾವಿರಕ್ಕಿಂತ ಕಡಿಮೆ ಕೊಡುವುದಿಲ್ಲ. ಕೊನೆಗೆ ಸಿಲಾರ್ಡ್ ಅವರ ಮೊಟ್ಟೆ ಫಾರಂನ ಗುಮಾಸ್ತನೊಬ್ಬ ದಾರಿ ತೋರಿಸಿದ. ಅಲ್ಲಿ ಅವಧಿ ಮುಗಿದ ಕೋಳಿಗಳನ್ನು ಆ ವಾರವೇ ಖಾಲಿ ಮಾಡುತ್ತಿದ್ದರು. ಎಪ್ಪತ್ತೆರಡು ವಾರದ ವಯಸ್ಸಿಗೇ ಮೊಟ್ಟೆ ಇಟ್ಟು ಸುಸ್ತಾಗಿ ನಿವೃತ್ತಿಯ ಅಂಚಿಗೆ ಬಂದ ಮೂವತ್ತು ಮಹನೀಯರನ್ನು ಅವನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿದ. (ಪಿಂಚಣಿಯ ವ್ಯವಸ್ಥೆ ಈ ಉದ್ಯಮದಲ್ಲಿ ಹೇಗಿದೆ ಎಂಬುದನ್ನು ಪುಸ್ತಕದ ಒಂಬತ್ತನೆಯ ಅಧ್ಯಾಯದಲ್ಲಿ 'ಸಂಸ್ಕರಣೆ' ಎಂಬ ಶೀರ್ಷಿಕೆಯಡಿ ನೋಡಬಹುದು.)

ಜಾಗ ಬೇಕಿತ್ತು. ಅತ್ತೆಯ ಸಾಮಾನು ಶೆಡ್ಡು ಕೇಳಿದೆ.

"ತಗೊಳ್ಳಿ ಅಳಿಯಂದ್ರೇ," ಎಂದರು. "ನನ್ನ ಕಾಲಾನಂತರ ಎಲ್ಲಾ ನಿಮ್ದೇ ತಾನೆ."

ಪೆಟ್ಟಿಗೆ ತೆರೆದಾಗ ಮಾತ್ರ ಅವರ ಮುಖದಿಂದ ಕುಹಕ ಹೊರಟುಹೋಯಿತು. ನಾನೂ ಅಂಥ ಕೋಳಿಗಳನ್ನು ಕಂಡಿರಲಿಲ್ಲ. ಕತ್ತು ಬೋಳು, ಬೆನ್ನು ಬೋಳು, ಜುಟ್ಟು ಸುಣ್ಣದಂತೆ ಬಿಳುಚಿ ಒಂದು ಕಡೆ ವಾಲಿತ್ತು.

"ಅಯ್ಯೋ ದೇವ್ರೇ, ಅರ್ಧ ಪುಕ್ಕ ಕಿತ್ತು ಜೀವಂತ ಬಿಟ್ಟೋರು ಯಾರು?"

"ಅತ್ತೆ, ಹಾಗನ್ಬೇಡಿ. ಇವು ಅತ್ಯುನ್ನತ ತಳಿ. ಒಂದೊಂದೂ ವರ್ಷಕ್ಕೆ ಮುನ್ನೂರು ಮೊಟ್ಟೆ ಇಟ್ಟಿವೆ."

"ಮುನ್ನೂರು! ನನಗೆ ಮೂರು ಹೆತ್ತಿದ್ದಕ್ಕೇ ತಲೆಕೂದಲು ಉದುರಿತ್ತು."

ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದು, ಪುಸ್ತಕ ಕೈಯಲ್ಲಿ ಹಿಡಿದು, ಅವು ಹೊರಬರುವುದನ್ನು ಕಾದೆ. ಬರಲಿಲ್ಲ. ಎತ್ತಿ ತಂದು ಹುಲ್ಲಿನ ಮೇಲೆ ಇಟ್ಟೆ. ಇಟ್ಟಲ್ಲೇ ನಿಂತವು. ಪಂಜರದೊಳಗೆ ಒಂದು ಹಾಳೆಯಷ್ಟಗಲದ ತಂತಿಜಾಲದ ಮೇಲೆ ಆಯುಷ್ಯ ಕಳೆದ ಆ ಜೀವಗಳಿಗೆ, ಅದರಾಚೆ ಇನ್ನೂ ನೆಲ ಇದೆ ಎಂಬುದು ಗೊತ್ತಿರಲಿಲ್ಲ. ಮೂವತ್ತು ಕೋಳಿಗಳು ಅಂಗಳದ ತುಂಬ ಚದುರಂಗದ ಕಾಯಿಗಳಂತೆ ನಿಂತಿದ್ದವು. ಒಂದರ ಮುಂದೆ ಎರೆಹುಳ ಬಂತು. ಕೋಳಿ ಕಿರುಚಿಕೊಂಡು ನನ್ನ ಕಾಲ ನಡುವೆ ಅವಿತುಕೊಂಡಿತು.

"ಪುಸ್ತಕ ನೋಡ್ರೀ," ಎಂದಳು ಎಟೆಲ್ಕಾ, ಅಂಚೆ ಕಚೇರಿಯ ಕೆಲಸಕ್ಕೆ ಹೊರಟವಳು ಬೇಲಿಯ ಬಳಿ ನಿಂತು. "ಕೋಳಿ ಹುಳಕ್ಕೆ ಹೆದ್ರಿದ್ರೆ ಎಷ್ಟನೇ ಪುಟ?"

ನಾನು ಅಧೀರನಾಗಲಿಲ್ಲ. ನಾಲ್ಕನೆಯ ಅಧ್ಯಾಯದ ಪ್ರಕಾರ ಅವುಗಳನ್ನು ಮತ್ತೆ ಶೆಡ್ಡಿಗೆ ಸೇರಿಸಿ, ಹದಿನಾರು ಗಂಟೆ ಬೆಳಕು, ಅಳೆದ ಮೇವು, ಸುತ್ತುಗಾಳಿಗೆ ಒಂದು ಭಾರಿ ಫ್ಯಾನು, ಎಲ್ಲ ಏರ್ಪಡಿಸಿದೆ. ಫ್ಯಾನು ಹಾಕಿದ ಮೊದಲ ದಿನವೇ ಶೆಡ್ಡಿನಲ್ಲಿ ಹಾಸಿದ್ದ ಹೊಟ್ಟು, ಅದರೊಡನೆ ಇನ್ನೂ ಏನೇನೋ, ಕಿಟಕಿಯಿಂದ ಹಾರಿ ಹೊರಗೆ ಒಣಹಾಕಿದ್ದ ಬಿಳಿ ಹೊದಿಕೆಗಳ ಮೇಲೆ ಸಮನಾಗಿ ಹರಡಿಕೊಂಡಿತು. ಆ ಸಂಜೆ ಎಟೆಲ್ಕಾ ಅದರಲ್ಲೊಂದನ್ನು ನನ್ನ ಹಾಸಿಗೆಗೆ ಹೊದಿಸಿದ್ದಳು.

ನಾಲ್ಕು ದಿನವಾದರೂ ಮೊಟ್ಟೆಯ ಸುಳಿವಿಲ್ಲ. ಎರಡು ಕೋಳಿ ಮೇವು ಬಿಟ್ಟು ಮೂಲೆ ಹಿಡಿದವು. ಐದನೆಯ ದಿನ ಬೆಳಿಗ್ಗೆ ನಾನು ಹೋದಾಗ ಶೆಡ್ಡು ಖಾಲಿ. ಹೊರಗೆ ಓಡಿದೆ. ಹಿತ್ತಿಲ ಹಿಪ್ಪುನೇರಳೆ ಮರದ ಕೆಳಗೆ ಅತ್ತೆ ಮಂಡಿಯೂರಿ ಕೂತು ಊರುಗೋಲಿನ ತುದಿಯಿಂದ ಮಣ್ಣು ಕೆದರುತ್ತಿದ್ದರು. "ಕ್ಲು ಕ್ಲು ಕ್ಲು" ಎನ್ನುತ್ತಿದ್ದರು. ಪಕ್ಕದಲ್ಲಿ ಅವರ ಮುದಿ ಕಂದು ಕೋಳಿ ಅದನ್ನೇ ಕಾಲಲ್ಲಿ ಮಾಡಿ ತೋರಿಸುತ್ತಿತ್ತು. ಮೂವತ್ತು ಬೋಳು ಕೋಳಿಗಳು ಸುತ್ತ ನಿಂತು, ಕತ್ತು ವಾಲಿಸಿ, ಬಹಳ ಶ್ರದ್ಧೆಯಿಂದ ನೋಡುತ್ತಿದ್ದವು. ಅವುಗಳಲ್ಲೊಂದು ನಿಧಾನವಾಗಿ ಕಾಲೆತ್ತಿತು. ಒಮ್ಮೆ ಕೆದರಿತು. ತಾನೇ ಬೆಚ್ಚಿ ಹಿಂದೆ ಹಾರಿತು. ಮತ್ತೆ ಬಂದು ಇನ್ನೊಮ್ಮೆ ಕೆದರಿತು.

ನಿಜ ಹೇಳುತ್ತೇನೆ, ನಾನೂ ಅವುಗಳಂತೆಯೇ ಕತ್ತು ವಾಲಿಸಿ ನೋಡುತ್ತಿದ್ದೆ. ಅದನ್ನು ಮರೆಸಲು ಕೆಮ್ಮಿದೆ.

"ಕೆಮ್ಬೇಡಿ, ಪಾಠ ನಡೀತಾ ಇದೆ," ಎಂದರು ಅತ್ತೆ.

ಟೀವಿಯವರು ಬರುವ ಹೊತ್ತಿಗೆ ಹೊಸ ಕೋಳಿಗಳ ಬೆನ್ನ ಮೇಲೆ ಮುಳ್ಳಿನಂತೆ ಎಳೆ ಪುಕ್ಕ ಮೂಡಿತ್ತು. ಅವು ಅತ್ತೆಯ ಕೋಳಿಗಳೊಂದಿಗೆ ಹುಳಕ್ಕಾಗಿ ಜಗಳ ಆಡುವಷ್ಟು ನಾಗರಿಕತೆ ಕಲಿತಿದ್ದವು. ನಾನು ಹೊಸ ರಬ್ಬರ್ ಬೂಟು ತೊಟ್ಟು, ಹುಲ್ಲಿನ ಟೋಪಿ ಹಾಕಿ, ತಲೆತಲಾಂತರದ ರೈತನಂತೆ ನಿಂತೆ. ಎಟೆಲ್ಕಾ ಹತ್ತಿರ ಬಂದು ಬೂಟಿನಿಂದ ಅಂಗಡಿಯ ಚೀಟಿ ಕಿತ್ತುಕೊಂಡು ಹೋದಳು.

ಸಿಲಾರ್ಡ್ ಅವರು ಕಪ್ಪು ಸೂಟಿನಲ್ಲಿ ಬಂದರು. ಟೀವಿಯ ಕಡೆಯಿಂದ ವಿಲ್ಮಾ ಎಂಬ ಹುಡುಗಿ ಬಿಳಿ ಬೂಟಿನಲ್ಲಿ ಬಂದಳು, ಹಿಂದೆ ಒಬ್ಬ ಕ್ಯಾಮೆರಾದವನು. ಅಧ್ಯಕ್ಷರು ಕೋಳಿಗಳಿಂದ ಆದಷ್ಟು ದೂರ ನಿಂತು ಪುಸ್ತಕವನ್ನು ಬಿಡುಗಡೆ ಮಾಡಿದರು. ವಿಲ್ಮಾ ಮೈಕು ನನ್ನ ಬಾಯಿಗೆ ಹಿಡಿದಳು.

"ಕೆಮೆನೆಶ್ ಅವ್ರೇ, ನಿಮ್ಮ ಅತಿ ಉತ್ತಮ ಕೋಳಿ ಯಾವ್ದು? ಒಂದನ್ನ ಎತ್ತಿ ತೋರ್ಸಿ."

ನಾನು ಈ ಪ್ರಶ್ನೆಗೆ ಸಿದ್ಧನಾಗಿದ್ದೆ. ಗೂಸ್‌ಬೆರ್ರಿ ಪೊದೆಯ ಕೆಳಗೆ ಬಿಳಿಯ ಪುಕ್ಕ ಕಾಣುತ್ತಿತ್ತು. ಕ್ಯಾಮೆರಾದತ್ತ ಮುಖ ಮಾಡಿ, "ಉತ್ಪಾದಕತೆಯ ದೃಷ್ಟಿಯಿಂದ ನೋಡುವುದಾದರೆ..." ಎಂದು ಶುರುಮಾಡಿ, ಹಿಂದೆ ನೋಡದೆ, ಅನುಭವಸ್ಥನ ಠೀವಿಯಿಂದ ಪೊದೆಯೊಳಗೆ ಕೈಹಾಕಿ ಎಳೆದೆ.

ಕೈಗೆ ಸಿಕ್ಕಿದ್ದು ಕತ್ತು. ಕತ್ತು ಬರುತ್ತಲೇ ಇತ್ತು. ಕೋಳಿಗೆ ಅಷ್ಟು ಉದ್ದದ ಕತ್ತು ಇರುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಕತ್ತಿನ ತುದಿಯಲ್ಲಿದ್ದ ಹೆಬ್ಬಾತು ಪೂರ್ತಿಯಾಗಿ ಹೊರಬಂದು, ರೆಕ್ಕೆ ಬಿಚ್ಚಿ, ಬುಸುಗುಟ್ಟಿತು. ನಾನು ಓಡಿದೆ. ಅದು ಹಿಂಬಾಲಿಸಿತು. ಎಲ್ಲಿ ಕಚ್ಚಿತು ಎಂಬುದನ್ನು ಮೊದಲೇ ಸೂಚಿಸಿದ್ದೇನೆ. ದಾರಿಯಲ್ಲಿ ಅಧ್ಯಕ್ಷರಿಗೆ ಡಿಕ್ಕಿ ಹೊಡೆದೆ. ಅವರು ಹಂದಿಯ ತೊಟ್ಟಿಯಲ್ಲಿ ಕೂತರು, ಅವರ ಕೈಯಲ್ಲಿದ್ದ ಪುಸ್ತಕ ಹಂದಿಯ ಮುಂದೆ ಬಿತ್ತು. ನಾನು ಬೇರೆ ದಾರಿ ಕಾಣದೆ, ಅಲ್ಲಿ ಒರಗಿಸಿಟ್ಟಿದ್ದ ಏಣಿಯಿಂದ ಹಂದಿಗೂಡಿನ ಛಾವಣಿ ಹತ್ತಿದೆ.

ನಿಜವಾದ ಪಕ್ಷಿನೋಟ ನನಗೆ ಲಭಿಸಿದ್ದು ಆಗ. ಮೇಲಿನಿಂದ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಹಂದಿ ನನ್ನ ಪುಸ್ತಕವನ್ನು ಮುನ್ನುಡಿಯಿಂದಲೇ ಶುರುಮಾಡಿ ತಿನ್ನುತ್ತಿತ್ತು. ಇಡೀ ಗ್ರಂಥವನ್ನು ಅರಗಿಸಿಕೊಂಡ ಏಕೈಕ ಓದುಗ ಅದು. ಅಧ್ಯಕ್ಷರು ಸೂಟಿನಿಂದ ಆಲೂಗಡ್ಡೆ ಸಿಪ್ಪೆ ಬಿಡಿಸಿಕೊಳ್ಳುತ್ತಿದ್ದರು. ಹೆಬ್ಬಾತು ಏಣಿಯ ಬುಡದಲ್ಲಿ ಕಾವಲು ನಿಂತಿತ್ತು. ಆಚೆ, ಹಿಪ್ಪುನೇರಳೆ ಮರದ ಕೆಳಗೆ, ವಿಲ್ಮಾ ಮೈಕನ್ನು ಅತ್ತೆಗೆ ಹಿಡಿದಿದ್ದಳು. ಅತ್ತೆಯ ಕಂಕುಳಲ್ಲಿ ಒಂದು ಬೋಳು ಕೋಳಿ ನಿದ್ದೆ ಮಾಡುತ್ತಿತ್ತು.

"ಉದ್ಯಮದ ಬಗ್ಗೆ ನಾನೇನು ಹೇಳ್ಲಮ್ಮ," ಎನ್ನುತ್ತಿದ್ದರು. "ಫಾರಂ ಕೋಳಿ ನಲವತ್ತೆರಡು ದಿನ ಬದುಕುತ್ತೆ. ಅಷ್ಟು ದಿನಕ್ಕೆ ನನ್ನ ಮರಿ ಅಮ್ಮನ ರೆಕ್ಕೆ ಬಿಟ್ಟು ಈಚೆ ಬಂದಿದ್ರೆ ಹೆಚ್ಚು. ಹಂದಿಗೆ ಮಣ್ಣು ಗೊತ್ತಿಲ್ಲ. ಹಸುಗೆ ಹುಲ್ಲುಗಾವಲು ಗೊತ್ತಿಲ್ಲ. ಸಾಕೋ ಯಜಮಾನ್ರಿಗೆ ಪ್ರಾಣಿ ಗೊತ್ತಿಲ್ಲ. ತಿನ್ನೋರಿಗೆ ರುಚಿ ಗೊತ್ತಿಲ್ಲ. ಯಾರಿಗೂ ಏನೂ ಗೊತ್ತಿರಬಾರದು, ಆಗ ಉದ್ಯಮ ಚೆನ್ನಾಗಿ ನಡೆಯುತ್ತೆ."

"ಹಾಗಾದ್ರೆ ಎಲ್ಲಾ ಫಾರಂ ಮುಚ್ಚಿಬಿಡ್ಬೇಕಾ ಅಜ್ಜಿ?"

"ಮುಚ್ಚಿದ್ರೆ ಪಟ್ಟಣದೋರು ನನ್ನ ಹದಿನಾಲ್ಕು ಕೋಳೀನ ಹೇಗೆ ಹಂಚ್ಕೋತೀರಾ? ದಿನಾ ಮೂರು ಹೊತ್ತು ಮಾಂಸ ಬೇಕು, ಅದೂ ಅಗ್ಗಕ್ಕೆ ಬೇಕು ಅಂತ ಕೇಳ್ದೋರು ಯಾರು? ನಾನಲ್ಲ, ಕೋಳಿಯೂ ಅಲ್ಲ."

ಆಮೇಲೆ ವಿಲ್ಮಾ ಛಾವಣಿಯತ್ತ ಕೈತೋರಿಸಿ ಏನೋ ಕೇಳಿದಳು. ಎಟೆಲ್ಕಾ ಏನೋ ಹೇಳಿದಳು. ದೂರವಿದ್ದುದರಿಂದ ನನಗೆ ಕೇಳಿಸಲಿಲ್ಲ.

ಕೇಳಿಸಿದ್ದು, ಅಲ್ಲ ಕಾಣಿಸಿದ್ದು, ಶನಿವಾರ ಮಧ್ಯಾಹ್ನ ಟೀವಿಯಲ್ಲಿ. ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲೇ ಸೇರಿದ್ದರು. ಅತ್ತೆ ಪರದೆಯ ಮೇಲೆ ಐದು ನಿಮಿಷ ಇದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ: 'ಬೊರ್ಬಾಲಾ, ಕುಕ್ಕುಟ ತಜ್ಞೆ'. ನಾನು ಮೂರು ಸೆಕೆಂಡು ಇದ್ದೆ, ಹಂದಿಗೂಡಿನ ಮೇಲೆ ನಾಲ್ಕು ಕಾಲಿನಲ್ಲಿ. ಕೆಳಗೆ: 'ಛಾವಣಿ ದುರಸ್ತಿಯವರು'.

"ನೀನೇ ಹಾಗೆ ಹೇಳಿದ್ದಾ?"

"ಮತ್ತೇನ್ ಹೇಳ್ಲಿ? ಲೇಖಕರು ಅಂದ್ರೆ ಮರ್ಯಾದೆ ಹೋಗೋದು ನಿಮ್ದೇ."

ಮರುವಾರ ಅಂಚೆ ಕಚೇರಿಯಲ್ಲಿ ಮೂವರು ಎಟೆಲ್ಕಾಳನ್ನು ಕೇಳಿದರಂತೆ, ನಿಮ್ಮ ಛಾವಣಿಯವರನ್ನು ನಮ್ಮ ಮನೆಗೂ ಕಳಿಸಿಕೊಡಿ ಅಂತ.

ಕೆಲಸ ಹೋಗಬಹುದೆಂದು ಹೆದರಿ ಕಚೇರಿಗೆ ಹೋದೆ. ಸಿಲಾರ್ಡ್ ಅವರು ನಗುತ್ತಿದ್ದರು. ಅದು ಇನ್ನೂ ಭಯಂಕರ. ಕಾರ್ಯಕ್ರಮ ಜನರಿಗೆ ಬಹಳ ಹಿಡಿಸಿತ್ತು. ಸಂಘದ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತ್ತು. ಫಾರಂಗಳಲ್ಲಿ ಏನನ್ನೂ ಬದಲಿಸದೆಯೇ ಇಷ್ಟು ಪ್ರೀತಿ ಸಿಗುವುದಾದರೆ ಯಾವ ಅಧ್ಯಕ್ಷರು ಬೇಡವೆನ್ನುತ್ತಾರೆ? ಅತ್ತೆಯ ಹಿತ್ತಿಲನ್ನೇ ಸಂಘದ 'ಅಧಿಕೃತ ಮಾದರಿ ಘಟಕ' ಎಂದು ಘೋಷಿಸಿದರು. ಅತ್ತೆ ಗೌರವ ಸಲಹೆಗಾರರು. ಏಳನೆಯ ಅಧ್ಯಾಯವನ್ನು ಅವರು ಹೇಳಿದಂತೆ ಮತ್ತೆ ಬರೆಯತಕ್ಕದ್ದು. ನನ್ನ ಮೇಜನ್ನು ಲೆಕ್ಕಪತ್ರದವರಿಗೆ ಕೊಟ್ಟು, ನನ್ನನ್ನು ಘಟಕದ 'ಪೂರ್ಣಕಾಲಿಕ ನಿರ್ವಾಹಕ' ಎಂದು ಅತ್ತೆಯ ಕೈಕೆಳಗೆ ವರ್ಗ ಮಾಡಿದರು. ನಿರ್ವಾಹಕ ಎಂದರೆ ಸಲಿಕೆ ಹಿಡಿಯುವವನು ಎಂಬ ಅರ್ಥ ನಿಘಂಟಿನಲ್ಲಿಲ್ಲ. ಅತ್ತೆಯ ಶೆಡ್ಡಿನಲ್ಲಿದೆ.

ಈಗ ಪ್ರತಿ ಶನಿವಾರ ಬೆಳಿಗ್ಗೆ ಬಸ್ಸು ಬರುತ್ತದೆ. ಅದರಿಂದ ಗೃಹಿಣಿಯರು, ಮಾಸ್ತರುಗಳು, ಕನ್ನಡಕದ ಪ್ರೊಫೆಸರುಗಳು ಇಳಿಯುತ್ತಾರೆ. ಅತ್ತೆ ಊರುಗೋಲು ಎತ್ತಿ ಹಿಡಿದು ಹಿತ್ತಿಲ ಪ್ರದಕ್ಷಿಣೆ ಮಾಡಿಸುತ್ತಾರೆ. ಹೋದ ವಾರ ನಾನು ಗೂಡು ಗುಡಿಸಿ, ಮೈಯೆಲ್ಲ ಹೊಟ್ಟು ಮಾಡಿಕೊಂಡು, ಬಕೆಟ್ ಸಮೇತ ಹೊರಬಂದೆ. ಎದುರಿಗೇ ಇಪ್ಪತ್ತು ಹೆಂಗಸರ ಗುಂಪು. ಎಲ್ಲರೂ ನಿಂತು ನನ್ನನ್ನೇ ನೋಡಿದರು. ಅತ್ತೆ ಹಂದಿಯ ವಿಷಯ ಮುಗಿಸಿ ನನ್ನತ್ತ ತಿರುಗಿದರು.

"ಇದು ನಮ್ಮ ಅಳಿಯ. ಇಪ್ಪತ್ನಾಲ್ಕು ವರ್ಷ ಕಚೇರಿ ಒಳಗೇ ಇಟ್ಟು ಸಾಕಿದ್ದು. ಹತ್ರ ಹೋಗ್ಬೇಡಿ, ಬೆಚ್ಚುತ್ತೆ. ಈಗೀಗ ಮಣ್ಣಿನ ಮೇಲೆ ಓಡಾಡೋದು ಕಲೀತಾ ಇದೆ."

(ಗಮನಿಸಿ: 'ಬೆಚ್ಚುತ್ತೆ', 'ಕಲೀತಾ ಇದೆ'. ವ್ಯಾಕರಣದಲ್ಲಿ ನನಗಿದ್ದ ಲಿಂಗವೂ ಹೋಯಿತು.)

"ಪಾಪ," ಎಂದಳು ಮುಂದಿನ ಸಾಲಿನ ಒಬ್ಬ ದಪ್ಪ ಹೆಂಗಸು. "ಇದರಿಂದ ಏನ್ ಉಪಯೋಗ?"

"ಮೊದ್ಲು ವರ್ಷಕ್ಕೊಂದು ಪುಸ್ತಕ ಹಾಕ್ತಿತ್ತು," ಎಂದಳು ಎಟೆಲ್ಕಾ, ಬಟ್ಟೆ ಒಣಹಾಕುತ್ತಾ. "ಈಗ ನಿಂತೋಗಿದೆ. ಆದ್ರೂ ಮನಸ್ಸು ಬರದೆ ಇಟ್ಕೊಂಡಿದೀವಿ."

ಗುಂಪಿನಲ್ಲಿ ಯಾರೂ ನಗಲಿಲ್ಲ. ಕೆಲವರು ಬರೆದುಕೊಂಡರು. ಆ ದಪ್ಪ ಹೆಂಗಸು ಚೀಲದಿಂದ ಒಂದು ಬೆಣ್ಣೆ ಬನ್ನು ತೆಗೆದು, ಎರಡು ಹೆಜ್ಜೆ ಮುಂದೆ ಬಂದು, ಅಂಗೈ ಚಾಚಿ, ಬಹಳ ಮೆಲ್ಲಗೆ "ಬಾ, ಬಾ" ಎಂದಳು.

ನಾನು ಆಚೆ ಈಚೆ ನೋಡಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೋಗಿ ತೆಗೆದುಕೊಂಡೆ.